ಬೆಟ್ಟದ ಏರಿಗೆ ನಾಡಿಯ ಅಳತೆ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳನ್ನು ಹಾಯ್ದು ಮಲೆ ಮಹದೇಶ್ವರನ ಬೆಟ್ಟವನ್ನು ಸೇರುವ ದಾರಿ ಸುಮಾರು ೮೦ ಕಿಲೋಮೀಟರು. ಬಸ್ಸಿನಲ್ಲಿ ಕುಳಿತವರಿಗೆ ಅದು ಒಂದು ಮುಂಜಾನೆಯ ಪ್ರಯಾಣ. ಆದರೆ ಮಹಾಶಿವರಾತ್ರಿ ಸಮೀಪಿಸಿತೆಂದರೆ ಅದೇ ದಾರಿಯನ್ನು ಕಾಲ್ನಡಿಗೆಯಲ್ಲಿಯೇ ಕ್ರಮಿಸುವ ಭಕ್ತರ ಸಾಲು ಕಾಣತೊಡಗುತ್ತದೆ. ಮೈಸೂರು, ಮಂಡ್ಯ, ಬೆಂಗಳೂರುಗಳಿಂದ ಬಂದವರುಂಟು; ಕನಕಪುರದ ಕಡೆಯವರು ಸಂಗಮದ ಬಳಿ ಕಾವೇರಿಯನ್ನೇ ದಾಟಿ ಕಾಡುದಾರಿ ಹಿಡಿಯುವುದೂ ಉಂಟು. ತಾಳಬೆಟ್ಟ ಬಂದ ಮೇಲೆ ನಿಜವಾದ ಏರು ಮೊದಲಾಗುತ್ತದೆ. ಅಲ್ಲಿಯವರೆಗೆ ಹರಟುತ್ತ ಬಂದವರು ಅಲ್ಲಿ ಮೌನ ತಾಳುತ್ತಾರೆ. ಆಗಾಗ ಯಾರೋ ಒಬ್ಬರು "ಉಘೇ ಮಾದಪ್ಪ" ಎಂದು ಕೂಗುತ್ತಾರೆ, ಮಿಕ್ಕವರು ಉಸಿರಿದ್ದಷ್ಟು ದನಿಗೂಡಿಸುತ್ತಾರೆ.

ಈ ಸಾಲಿನಲ್ಲಿ ಎರಡು ಬಗೆಯ ಜನರನ್ನು ಸುಲಭವಾಗಿ ಗುರುತಿಸಬಹುದು. ಬೆಟ್ಟದ ಸೆರಗಿನ ಹಳ್ಳಿಗಳಿಂದ, ರಾಮಾಪುರದ ಆಚೆಗೆ ತಮಿಳುನಾಡಿನ ಗಡಿಗೆ ಸಮೀಪದಲ್ಲಿರುವ ಹೂಗ್ಯಂ, ಮೀಣ್ಯಂಗಳಂಥ ಊರುಗಳಿಂದ, ಬಂದವರು ಒಂದು ಬಗೆ. ಹೂಗ್ಯಂ ಎಂಬುದು ಅಲ್ಲಿಯ ಅರಣ್ಯ ವಲಯದ ಹೆಸರೂ ಹೌದು. ೨೦೧೩ರಲ್ಲಿ ಘೋಷಿತವಾದ ಮಲೆ ಮಹದೇಶ್ವರ ವನ್ಯಧಾಮಕ್ಕೆ ಸೇರಿದ ವಲಯವದು. ಮಳೆಯನ್ನೇ ನಂಬಿದ ಹೊಲ, ಹೊಲದ ಅಂಚಿಗೇ ಕಾಡು, ಮೇವಿಗಾಗಿ ದನಕರುಗಳ ಹಿಂದೆ ಮೈಲಿಗಟ್ಟಲೆ ಅಲೆದಾಟ. ಅಲ್ಲಿಯವರಿಗೆ ನಡಿಗೆಯೆಂಬುದು ವ್ರತವಲ್ಲ, ದಿನಚರಿ. ಎರಡನೆಯ ಬಗೆಯವರು ನಗರದವರು. ವರ್ಷದ ೩೬೦ ದಿನ ಮೇಜಿನ ಮುಂದೆ ಕುಳಿತು, ಉಳಿದ ಐದು ದಿನಗಳಲ್ಲಿ ಆ ಋಣವನ್ನೆಲ್ಲ ಒಮ್ಮೆಗೇ ತೀರಿಸಹೊರಟವರು.

ಬೆಟ್ಟ ಒಂದೇ, ದೂರ ಒಂದೇ, ಬಿಸಿಲೂ ಒಂದೇ. ಆದರೂ ಇಬ್ಬರ ಹೃದಯಗಳ ಮೇಲೆ ಬೀಳುವ ಹೊರೆ ಒಂದೇ ಅಲ್ಲ. ಆ ಹೊರೆಯನ್ನು ತೂಗುವುದಕ್ಕೆ ಯಾವ ತಕ್ಕಡಿಯಿದೆ? ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಮಿಡಿಯುವ ನಾಡಿಯೇ ಆ ತಕ್ಕಡಿ.

ಐದು ಲೀಟರಿನ ಲೆಕ್ಕ

ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ಸಾಧಾರಣವಾಗಿ ನಿಮಿಷಕ್ಕೆ ೬೦ರಿಂದ ೧೦೦ ಬಾರಿ ಮಿಡಿಯುತ್ತದೆ. ಒಂದೊಂದು ಮಿಡಿತಕ್ಕೂ ಸುಮಾರು ೭೦ ಮಿಲಿಲೀಟರು ರಕ್ತ ಹೊರಬೀಳುತ್ತದೆ. ನಿಮಿಷಕ್ಕೆ ೭೦ ಮಿಡಿತವೆಂದರೂ ಐದು ಲೀಟರಿನ ಹತ್ತಿರ ಹತ್ತಿರ ಆಯಿತು. ಎಂದರೆ, ದೇಹದಲ್ಲಿರುವ ರಕ್ತವೆಲ್ಲವೂ ಪ್ರತಿ ನಿಮಿಷವೂ ಒಂದು ಸುತ್ತು ಬಂದಂತೆಯೇ. ಸುಮ್ಮನೆ ಕುಳಿತಾಗ ಈ ಐದು ಲೀಟರಿನಲ್ಲಿ ಸ್ನಾಯುಗಳ ಪಾಲು ಐದನೆಯ ಒಂದು ಭಾಗದಷ್ಟು. ಏರು ಹತ್ತತೊಡಗಿದರೆ ತೊಡೆ ಮೀನಖಂಡಗಳು ಆಮ್ಲಜನಕಕ್ಕಾಗಿ ಹಠ ಹಿಡಿಯುತ್ತವೆ. ಹೊಟ್ಟೆ ಮೂತ್ರಪಿಂಡಗಳ ಪಾಲನ್ನು ಕಡಿಮೆ ಮಾಡಿ ಸ್ನಾಯುಗಳಿಗೆ ಹೆಚ್ಚಿಗೆ ಹರಿಸುವ ವ್ಯವಸ್ಥೆ ದೇಹದಲ್ಲಿದೆ. ಅಷ್ಟರಿಂದಲೂ ಸಾಲದು, ಒಟ್ಟು ಮೊತ್ತವೇ ಏರಬೇಕು. ಹದಿನೈದು, ಇಪ್ಪತ್ತು ಲೀಟರು ಬೇಕಾಗುತ್ತದೆ.

ಮೊತ್ತವನ್ನು ಏರಿಸಲು ಹೃದಯಕ್ಕೆ ಎರಡೇ ಉಪಾಯ: ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುವುದು, ಇಲ್ಲವೆ ಹೆಚ್ಚು ಸಲ ಮಿಡಿಯುವುದು. ಮೊದಲನೆಯದು ಬೇಗ ತನ್ನ ಎಲ್ಲೆಯನ್ನು ಮುಟ್ಟುತ್ತದೆ, ನಡಿಗೆಯ ಅಭ್ಯಾಸವಿಲ್ಲದವರಲ್ಲಂತೂ ಬಹು ಬೇಗ. ಆಮೇಲೆ ಉಳಿದದ್ದು ಎರಡನೆಯದೊಂದೇ. ಆದ್ದರಿಂದಲೇ ಸಾಧಾರಣ ಶ್ರಮದಿಂದ ಕಠಿಣ ಶ್ರಮದವರೆಗಿನ ವ್ಯಾಪ್ತಿಯಲ್ಲಿ ದೇಹವು ಬಳಸುವ ಆಮ್ಲಜನಕವೂ ನಾಡಿಯ ಸಂಖ್ಯೆಯೂ ಹೆಚ್ಚು ಕಡಿಮೆ ಜೊತೆಜೊತೆಯಾಗಿ ಏರುತ್ತವೆ. ಆಮ್ಲಜನಕವನ್ನು ಅಳೆಯಲು ಮುಖವಾಡ, ಕೊಳವೆ, ಪ್ರಯೋಗಶಾಲೆ ಬೇಕು. ನಾಡಿಯನ್ನು ಎಣಿಸಲು ಎರಡು ಬೆರಳು ಸಾಕು. ನಾಡಿಯ ಹಿರಿಮೆ ಇಷ್ಟರಲ್ಲಿಯೇ ಇದೆ.

ಅಭ್ಯಾಸವುಳ್ಳವರ ಹೃದಯ ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಬಲ್ಲುದು. ಹೀಗಾಗಿ ಅವರ ವಿಶ್ರಾಂತಿ ನಾಡಿ ನಿಧಾನ. ದೂರದ ಓಟಗಾರರಲ್ಲಿ ನಿಮಿಷಕ್ಕೆ ೪೦ರಷ್ಟಿರುವುದೂ ಅಪರೂಪವಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಊರಿಗೆಲ್ಲ ಅನ್ನವಿಕ್ಕುವ ಹೃದಯವು ತಾನು ಉಣ್ಣುವುದು ಎರಡು ಮಿಡಿತಗಳ ನಡುವಣ ಬಿಡುವಿನಲ್ಲಿ. ಎಡಭಾಗದ ಹೃದಯಸ್ನಾಯುವಿಗೆ ರಕ್ತವು ಬಹುಮಟ್ಟಿಗೆ ಹರಿದುಬರುವುದು ಹೃದಯ ಸಡಿಲಗೊಂಡ ಕ್ಷಣದಲ್ಲಿಯೇ. ಮಿಡಿತ ಶೀಘ್ರವಾದಂತೆಲ್ಲ ಈ ಬಿಡುವು ಕಿರಿದಾಗುತ್ತ ಹೋಗುತ್ತದೆ. ರಕ್ತನಾಳಗಳು ಸ್ವಚ್ಛವಾಗಿದ್ದರೆ ಬಾಧಕವಿಲ್ಲ. ಒಳಗೆ ಕೊಬ್ಬು ಕಟ್ಟಿಕೊಂಡು ನಾಳ ಕಿರಿದಾಗಿದ್ದವನಿಗೆ, ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿಯೇ ಪೂರೈಕೆಯ ಬಿಡುವು ಕಡಿಮೆಯಾಗುತ್ತದೆ. ಏರಿನ ನಡುವೆ ಎದೆ ಬಿಗಿದು ನಿಂತುಬಿಡುವವರ ಕಥೆ ಇದೇ.

ಎಣಿಕೆ ಬಂದ ಬಗೆ

ನಾಡಿ ನೋಡುವುದು ನಮ್ಮ ನಾಡಿಗೆ ಹೊಸದಲ್ಲ. ಶಾರ್ಙ್ಗಧರನ ಸಂಹಿತೆಯಲ್ಲಿ ನಾಡಿಯ ನಡೆಯನ್ನು ಹಾವಿಗೂ ಕಪ್ಪೆಗೂ ಹಂಸಕ್ಕೂ ಹೋಲಿಸಿದ್ದಾರೆ. ಅದು ನಡೆಯ ಗುಣವನ್ನು ಅರಿಯುವ ವಿದ್ಯೆ. ಗಡಿಯಾರವನ್ನು ಹಿಡಿದು ನಾಡಿಯನ್ನು ಎಣಿಸುವ ಪದ್ಧತಿ ಬೇರೆ. ೧೭೦೭ರಲ್ಲಿ ಇಂಗ್ಲೆಂಡಿನ ವೈದ್ಯ ಸರ್ ಜಾನ್ ಫ್ಲಾಯರ್ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಮಾಡಿಸಿ, ಅದರಿಂದ ರೋಗಿಗಳ ನಾಡಿಯನ್ನು ಎಣಿಸಿ ಗ್ರಂಥವನ್ನೇ ಬರೆದನು. ಆದರೂ ವ್ಯಾಯಾಮದ ಅಳತೆಗೋಲಾಗಿ ನಾಡಿಯನ್ನು ಬಳಸಲು ಇನ್ನೂ ಎರಡೂವರೆ ಶತಮಾನ ಕಾಯಬೇಕಾಯಿತು.

೧೯೫೭ರಲ್ಲಿ ಫಿನ್ಲೆಂಡಿನ ಕಾರ್ವೊನೆನ್ ಎಂಬ ವೈದ್ಯ ವಿಜ್ಞಾನಿ ತನ್ನ ಸಂಗಡಿಗರೊಡನೆ ಒಂದು ಚಿಕ್ಕ ಪ್ರಯೋಗವನ್ನು ಪ್ರಕಟಿಸಿದನು. ಬೆರಳೆಣಿಕೆಯ ವೈದ್ಯ ವಿದ್ಯಾರ್ಥಿಗಳನ್ನು ಚಲಿಸುವ ಪಟ್ಟಿಯ ಮೇಲೆ ಕೆಲವು ವಾರ ಓಡಿಸಿದ್ದು, ಅಷ್ಟೆ. ಅದರಿಂದ ಹೊರಬಂದ ವಿಚಾರ ಮಾತ್ರ ಇಂದಿಗೂ ಬಳಕೆಯಲ್ಲಿದೆ. ಒಬ್ಬನ ಗರಿಷ್ಠ ನಾಡಿಯಿಂದ ವಿಶ್ರಾಂತಿ ನಾಡಿಯನ್ನು ಕಳೆದರೆ ಉಳಿಯುವುದೇ ಅವನ ಹೃದಯದ ಮೀಸಲು. ಆ ಮೀಸಲಿನಲ್ಲಿ ಎಷ್ಟು ಪಾಲು ಖರ್ಚಾಗುತ್ತಿದೆ ಎಂಬುದೇ ಶ್ರಮದ ನಿಜವಾದ ಅಳತೆ. ತಿಂಗಳ ವರಮಾನವನ್ನು ತಿಳಿಯದೆ ಖರ್ಚು ಹೆಚ್ಚೋ ಕಡಿಮೆಯೋ ಎನ್ನಲಾಗದಷ್ಟೆ, ಇದೂ ಹಾಗೆಯೇ.

ಗರಿಷ್ಠ ನಾಡಿಯನ್ನು ತಿಳಿಯುವುದು ಹೇಗೆ? ಎಲ್ಲರನ್ನೂ ಕುಸಿದುಬೀಳುವವರೆಗೆ ಓಡಿಸಲಾಗದು. ಅದಕ್ಕಾಗಿ ಒಂದು ಸುಲಭ ಸೂತ್ರ ಜಗತ್ತಿನ ತುಂಬ ಹಬ್ಬಿದೆ: ೨೨೦ರಿಂದ ವಯಸ್ಸನ್ನು ಕಳೆಯುವುದು. ವ್ಯಾಯಾಮಶಾಲೆಗಳ ಗೋಡೆಯ ಮೇಲೆ, ಕೈಗಡಿಯಾರಗಳ ಹೊಟ್ಟೆಯೊಳಗೆ ಎಲ್ಲೆಲ್ಲಿಯೂ ಅದೇ. ಇದರ ಹುಟ್ಟು ಅಷ್ಟೇನೂ ಘನವಾದದ್ದಲ್ಲ ಎಂಬುದು ಕೆಲವರಿಗೆ ಆಶ್ಚರ್ಯವೆನಿಸೀತು. ೧೯೭೧ರಲ್ಲಿ ಅಮೆರಿಕದ ಫಾಕ್ಸ್, ನಾಟನ್, ಹ್ಯಾಸ್ಕೆಲ್ ಎಂಬ ಮೂವರು ಅದುವರೆಗಿನ ಕೆಲವು ವರದಿಗಳ ಅಂಕಿಗಳನ್ನು ಒಂದೆಡೆ ಸೇರಿಸಿ, ಅವುಗಳ ನಡುವೆ ಹಾಯಬಹುದಾದ ಒಂದು ಗೆರೆಯನ್ನು ಸೂಚಿಸಿದರು. ಗೆರೆ ನೆನಪಿಡಲು ಸುಲಭವಾಗಿತ್ತು, ಶಾಸನವಾಗಿ ನಿಂತಿತು. ೨೦೦೧ರಲ್ಲಿ ತನಾಕ ಮತ್ತು ಸಂಗಡಿಗರು ೩೫೧ ಅಧ್ಯಯನಗಳ, ೧೮,೭೧೨ ಜನರ ಅಂಕಿಗಳನ್ನು ಕಲೆಹಾಕಿ ಇನ್ನೊಂದು ಸೂತ್ರವನ್ನು ಕೊಟ್ಟರು: ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು ೨೦೮ರಿಂದ ಕಳೆಯಬೇಕು. ನಲವತ್ತರ ವಯಸ್ಸಿನಲ್ಲಿ ಎರಡು ಸೂತ್ರಗಳೂ ೧೮೦ ಎನ್ನುತ್ತವೆ. ಎಪ್ಪತ್ತರ ಅಜ್ಜನಿಗೆ ಹಳೆಯದು ೧೫೦ ಎಂದರೆ ಹೊಸದು ೧೫೯ ಎನ್ನುತ್ತದೆ.

ಯಾವ ಸೂತ್ರವಾದರೂ ಅದು ಸರಾಸರಿ ಮಾತ್ರ. ಒಂದೇ ವಯಸ್ಸಿನ ಆರೋಗ್ಯವಂತರಲ್ಲಿಯೇ ಹತ್ತು ಹನ್ನೆರಡು ಮಿಡಿತಗಳ ಅಂತರ ತೀರ ಸಾಮಾನ್ಯ. ಐವತ್ತು ವರ್ಷದ ಇಬ್ಬರಲ್ಲಿ ಒಬ್ಬನ ಗರಿಷ್ಠ ೧೫೫, ಇನ್ನೊಬ್ಬನದು ೧೮೫ ಆಗಿದ್ದರೂ ಇಬ್ಬರೂ ನಿರೋಗಿಗಳೇ ಇರಬಹುದು. ಸೂತ್ರ ಕೊಟ್ಟ ಅಂಕಿಯನ್ನು ದಾಟಿದನೆಂದು ಒಬ್ಬನು ಹೆದರುವುದೂ, ಮುಟ್ಟಲಿಲ್ಲವೆಂದು ಇನ್ನೊಬ್ಬನು ಓಟ ಹೆಚ್ಚಿಸುವುದೂ ಸಮಾನವಾದ ಅವಿವೇಕ.

ಇಬ್ಬರ ಏರು

ತಾಳಬೆಟ್ಟದ ಏರಿನಲ್ಲಿ ಇಬ್ಬರು ಜೊತೆಯಾಗಿ ನಡೆಯುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಹೂಗ್ಯಂನ ರೈತ ಮಹಿಳೆಯೊಬ್ಬಳು, ಬೆಂಗಳೂರಿನ ಗುಮಾಸ್ತನೊಬ್ಬ. ಇಬ್ಬರಿಗೂ ವಯಸ್ಸು ಐವತ್ತು. ಸೂತ್ರದ ಪ್ರಕಾರ ಇಬ್ಬರ ಗರಿಷ್ಠ ನಾಡಿಯೂ ೧೭೦. ಆಕೆಯ ವಿಶ್ರಾಂತಿ ನಾಡಿ ೬೨, ಆದ್ದರಿಂದ ಮೀಸಲು ೧೦೮. ಆತನ ವಿಶ್ರಾಂತಿ ನಾಡಿ ೮೦, ಮೀಸಲು ೯೦. ಏರಿನ ಒಂದು ತಿರುವಿನಲ್ಲಿ ನಿಂತು ಎಣಿಸಿದಾಗ ಆಕೆಯದು ೧೧೬, ಆತನದು ೧೫೨. ಆಕೆ ತನ್ನ ಮೀಸಲಿನ ಸರಿಯಾಗಿ ಅರ್ಧವನ್ನು ಬಳಸುತ್ತಿದ್ದಾಳೆ; ಆತ ಐದರಲ್ಲಿ ನಾಲ್ಕು ಪಾಲನ್ನು ಖರ್ಚು ಮಾಡಿಬಿಟ್ಟಿದ್ದಾನೆ. ಇನ್ನೂ ಅರ್ಧ ದಾರಿ ಉಳಿದಿದೆ!

ಈಗಿನ ವೈದ್ಯರ ಲೆಕ್ಕದಲ್ಲಿ ಮೀಸಲಿನ ಶೇಕಡ ೪೦ರಿಂದ ೫೯ರವರೆಗಿನದು ಮಧ್ಯಮ ಶ್ರಮ, ೬೦ರಿಂದ ೮೯ರವರೆಗಿನದು ತೀವ್ರ ಶ್ರಮ. ಗುಮಾಸ್ತನ ಮಟ್ಟಿಗೆ ಮಧ್ಯಮ ಶ್ರಮವೆಂದರೆ ೧೧೬ರಿಂದ ೧೩೩. ಹದಿನೈದು ಸೆಕೆಂಡು ಎಣಿಸಿದರೆ ೨೯ರಿಂದ ೩೩ ಮಿಡಿತ. ದಾರಿಯುದ್ದಕ್ಕೂ ಗಣಿತ ಮಾಡುತ್ತ ಹೋಗಬೇಕಾದ್ದಿಲ್ಲ. ಮನೆಯಲ್ಲಿಯೇ ಲೆಕ್ಕ ಹಾಕಿಕೊಂಡು ಈ ಎರಡು ಅಂಕಿಗಳನ್ನು ನೆನಪಿಟ್ಟರೆ ಸಾಕು. ಮೂವತ್ತಮೂರನ್ನು ದಾಟಿತೆ, ಹೆಜ್ಜೆಯನ್ನು ನಿಧಾನ ಮಾಡುವುದು.

ಎಣಿಸುವುದರಲ್ಲಿಯೂ ಕ್ರಮವಿದೆ. ತೋರುಬೆರಳು ನಡುಬೆರಳುಗಳನ್ನು ಹೆಬ್ಬೆರಳಿನ ಬುಡದ ಕೆಳಗೆ ಮೃದುವಾಗಿ ಇಡಬೇಕು. ಹೆಬ್ಬೆರಳನ್ನೇ ಇಟ್ಟು ಒತ್ತುವವರು ಬಹಳ. ಹೆಬ್ಬೆರಳಿನಲ್ಲಿಯೂ ನಾಡಿ ಮಿಡಿಯುವುದರಿಂದ ತಮ್ಮದನ್ನೇ ಎಣಿಸಿ ಮೋಸಹೋಗುತ್ತಾರೆ. ನಿಂತ ಕೂಡಲೆ ಎಣಿಸಬೇಕು, ಏಕೆಂದರೆ ನಿಂತ ಮೇಲೆ ನಾಡಿ ಬೇಗ ಇಳಿಯುತ್ತದೆ. ನೀರು ಕುಡಿದು, ಬೆವರೊರೆಸಿ, ಕುಳಿತು ಎಣಿಸಿದ ಅಂಕಿ ಏರಿನ ಅಂಕಿಯಲ್ಲ. ಕತ್ತಿನ ನಾಡಿಯನ್ನು ಹಿಡಿಯುವವರು ಎರಡೂ ಪಕ್ಕಗಳನ್ನು ಒಟ್ಟಿಗೆ ಅದುಮಬಾರದು. ವಿಶ್ರಾಂತಿ ನಾಡಿಯನ್ನು ಬೆಳಗ್ಗೆ ಎದ್ದೊಡನೆ, ಕಾಫಿಗೆ ಮೊದಲು, ಹಾಸಿಗೆಯಲ್ಲಿಯೇ ಒಂದು ಪೂರ್ತಿ ನಿಮಿಷ ಎಣಿಸುವುದು ಲೇಸು.

ಮೈಸೂರಿನ ಒಂದು ಪರೀಕ್ಷೆ

ನಾಡಿಯೂ ಹೃದಯವೂ ಒಂದೇ ಎಂದು ಭಾವಿಸುವವರಿಗೆ ಮೈಸೂರಿನಲ್ಲಿ ನಡೆದ ಒಂದು ಸ್ವಾರಸ್ಯವಾದ ಪ್ರಸಂಗವನ್ನು ಹೇಳಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದ ಕಾಲ. ೧೯೩೫ರಲ್ಲಿ ತೆರೇಸ್ ಬ್ರಾಸ್ ಎಂಬ ಫ್ರಾನ್ಸಿನ ಹೃದ್ರೋಗ ತಜ್ಞೆ ಹೃದಯದ ವಿದ್ಯುತ್ತನ್ನು ಗುರುತಿಸುವ ಯಂತ್ರವನ್ನು ಹೊತ್ತುಕೊಂಡು ಭಾರತಕ್ಕೆ ಬಂದರು, ಕೃಷ್ಣಮಾಚಾರ್ಯರನ್ನೂ ಪರೀಕ್ಷಿಸಿದರು. ಯೋಗಿಗಳು ಹೃದಯವನ್ನು ನಿಲ್ಲಿಸಬಲ್ಲರು ಎಂಬ ಮಾತು ಇಂಥ ಪರೀಕ್ಷೆಗಳಿಂದ ಜಗತ್ತಿನಲ್ಲೆಲ್ಲ ಹಬ್ಬಿತು. ಮುಂದೆ ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ಇನ್ನೂ ಸೂಕ್ಷ್ಮವಾದ ಯಂತ್ರಗಳಿಂದ ಯೋಗಾಭ್ಯಾಸಿಗಳನ್ನು ಪರೀಕ್ಷಿಸಿ ೧೯೬೧ರಲ್ಲಿ ವರದಿ ಮಾಡಿದರು. ಉಸಿರನ್ನು ಬಿಗಿಹಿಡಿದು, ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಮಣಿಕಟ್ಟಿನ ನಾಡಿ ಬೆರಳಿಗೆ ಸಿಗದಂತಾಗುತ್ತದೆ, ಎದೆಯ ಸದ್ದೂ ಕೇಳಿಸದಂತಾಗುತ್ತದೆ. ಯಂತ್ರದ ಕಾಗದದ ಮೇಲೆ ಮಾತ್ರ ಹೃದಯ ತನ್ನ ಪಾಡಿಗೆ ಮಿಡಿಯುತ್ತಲೇ ಇತ್ತು. ಎದೆಯೊಳಗಿನ ಒತ್ತಡ ಹೆಚ್ಚಿ ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾದುದು ಕಾರಣ.

ಏರು ಹತ್ತುವವರಿಗೂ ಇದರಿಂದ ಪ್ರಯೋಜನವುಂಟು. ಹೊರೆಯನ್ನು ಹೊತ್ತು, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ದಡದಡನೆ ಹತ್ತು ಮೆಟ್ಟಿಲು ಹಾರುವ ಸಾಹಸ ಬಹು ಜನರಿಗೆ ಪ್ರಿಯ. ಹಾಗೆ ಮಾಡಿದಾಗ ಶ್ರಮ ಅತ್ಯಧಿಕವಾಗಿದ್ದರೂ ನಾಡಿ ಅದನ್ನು ಸರಿಯಾಗಿ ಹೇಳದು, ರಕ್ತದ ಒತ್ತಡ ಮಾತ್ರ ಹಾರಿ ಬೀಳುತ್ತಿರುತ್ತದೆ. ನಾಡಿಯ ಮಾತು ನಿಜವಾಗಬೇಕಾದರೆ ಉಸಿರು ಸಲೀಸಾಗಿ ಆಡುತ್ತಿರಬೇಕು.

ಘೋಷವೇ ಅಳತೆ

ಉಸಿರಿನ ಮಾತು ಬಂದುದರಿಂದ ಇನ್ನೊಂದು ಅಳತೆಯನ್ನು ಹೇಳದೆ ಬಿಡುವಂತಿಲ್ಲ. ಸರಾಗವಾಗಿ ಮಾತನಾಡಬಲ್ಲ, ಆದರೆ ಹಾಡಲಾರ ಎಂಬಷ್ಟು ಏದುಸಿರಿದ್ದರೆ ಅದು ಮಧ್ಯಮ ಶ್ರಮ. ನಾಲ್ಕು ಪದಗಳಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಾದರೆ ತೀವ್ರ ಶ್ರಮ. ಪಾಶ್ಚಾತ್ಯ ವೈದ್ಯರು ಈ ಮಾತಿನ ಪರೀಕ್ಷೆಯನ್ನು ಈಗ ಧಾರಾಳವಾಗಿ ಬಳಸುತ್ತಾರೆ. ಮಾದಪ್ಪನ ಭಕ್ತರಲ್ಲಿ ಅದು ತಾನಾಗಿಯೇ ನೆಲೆಸಿದೆ. "ಉಘೇ ಉಘೇ" ಎಂಬ ಘೋಷ ಒಂದೇ ಉಸಿರಿನಲ್ಲಿ ಪೂರ್ತಿಯಾಗಿ ಹೊರಟರೆ ಹೆಜ್ಜೆ ಸರಿಯಾಗಿದೆ; ಎರಡನೆಯ ಉಘೇ ಗಂಟಲಲ್ಲಿಯೇ ಮುರಿದರೆ ಗುಂಪಿನವರು ಮುಂದೆ ಹೋಗಲಿ ಎಂದು ಬಿಟ್ಟು ನೆರಳಿಗೆ ಸರಿಯುವುದು ಮೇಲು.

ಬೀಸು ಕಂಸಾಳೆಯನ್ನು ನೋಡಿದವರಿಗೆ ಅಭ್ಯಾಸದ ಮಹಿಮೆ ಚೆನ್ನಾಗಿ ತಿಳಿದೀತು. ಕಂಚಿನ ತಾಳಗಳನ್ನು ಬೀಸುತ್ತ, ಮಂಡಿ ಬಗ್ಗಿಸಿ, ನೆಗೆದು, ಸುತ್ತಿ ಕುಣಿಯುವುದರ ಜೊತೆಗೆ ಹಾಡನ್ನೂ ಎತ್ತುವ ಆ ಕಲಾವಿದರ ಹೃದಯ ಶ್ವಾಸಕೋಶಗಳು ಯಾವ ವ್ಯಾಯಾಮಶಾಲೆಯಲ್ಲಿಯೂ ತಯಾರಾದವಲ್ಲ. ನೋಡುತ್ತ ಕುಳಿತವರು ಹಾಗೆ ಎರಡು ನಿಮಿಷ ಕುಣಿದರೆ ಹಾಡಿನ ಮಾತಿರಲಿ, ಹೆಸರು ಹೇಳುವುದೂ ಕಷ್ಟವಾದೀತು. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಬೇಡಗಂಪಣ ಮನೆತನಗಳ ೧೦೧ ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರಿನ ಕೊಡಗಳನ್ನು ತಲೆಯ ಮೇಲೆ ಹೊತ್ತು ಬರಿಗಾಲಿನಲ್ಲಿ ಬೆಟ್ಟಕ್ಕೆ ತರುತ್ತಾರೆ. ಅವರ ನಾಡಿಯನ್ನು ಆಗ ಎಣಿಸಿದರೆ ನಗರದ ಕ್ರೀಡಾಪಟುಗಳಿಗೆ ನಾಚಿಕೆಯಾಗುವಂಥ ಅಂಕಿ ಸಿಕ್ಕಿದರೂ ಸಿಕ್ಕೀತು.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಎಂಬಾತ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಶ್ರಮ ಎಷ್ಟೆನಿಸುತ್ತದೆ ಎಂಬುದಕ್ಕೆ ೬ರಿಂದ ೨೦ರವರೆಗೆ ಅಂಕಗಳನ್ನು ಕೊಡಹೇಳಿದನು. ಆರೇ ಏಕೆ, ಒಂದರಿಂದ ಏಕಲ್ಲ ಎಂದು ಕೇಳಬಹುದು. ಆರೋಗ್ಯವಂತ ಯುವಕರಲ್ಲಿ ಆ ಅಂಕವನ್ನು ಹತ್ತರಿಂದ ಗುಣಿಸಿದರೆ ಹೆಚ್ಚು ಕಡಿಮೆ ನಾಡಿಯ ಸಂಖ್ಯೆಯೇ ಬರುತ್ತದೆ. "ಸ್ವಲ್ಪ ಕಷ್ಟ" ಎಂಬ ಅನುಭವಕ್ಕೆ ೧೩; ನಾಡಿ ೧೩೦ರ ಸುಮಾರು. ಮನಸ್ಸೂ ಹೃದಯವೂ ಇಷ್ಟು ಸಮೀಪದ ಲೆಕ್ಕವಿಡುತ್ತವೆ ಎಂಬುದು ಚೋದ್ಯವಲ್ಲವೆ?

ಅಂಕಿ ಸುಳ್ಳಾಡುವ ಹೊತ್ತು

ನಾಡಿಯನ್ನು ಏರಿಸುವುದು ಶ್ರಮವೊಂದೇ ಅಲ್ಲ. ಶಿವರಾತ್ರಿಯ ವೇಳೆಗೆ ಬಿಸಿಲು ಬಲಿಯತೊಡಗಿರುತ್ತದೆ. ಬೆವರಿನಲ್ಲಿ ನೀರು ಹೋದಂತೆ ರಕ್ತದ ಮೊತ್ತ ಕುಗ್ಗುತ್ತದೆ, ಚರ್ಮವನ್ನು ತಂಪಿಡಲು ಅತ್ತ ಕಡೆಗೂ ರಕ್ತವನ್ನು ಹರಿಸಬೇಕಾಗುತ್ತದೆ. ನಡಿಗೆಯ ವೇಗ ಬದಲಾಗದಿದ್ದರೂ ಗಂಟೆ ಗಂಟೆಗೆ ನಾಡಿ ಮೇಲೇರುತ್ತ ಹೋಗುವುದು ಇದರಿಂದ. ಜ್ವರ, ನಿದ್ದೆಗೇಡು, ರಕ್ತಹೀನತೆ, ಆತಂಕ, ಕಾಫಿ ಇವೂ ತಮ್ಮ ಪಾಲನ್ನು ಸೇರಿಸುತ್ತವೆ.

ಇದಕ್ಕೆ ತಿರುಗುಮುರುಗಾಗಿ, ರಕ್ತದೊತ್ತಡಕ್ಕೋ ಹೃದ್ರೋಗಕ್ಕೋ ಅಟೆನೊಲಾಲ್, ಮೆಟೊಪ್ರೊಲಾಲ್ ಮೊದಲಾದ ಮಾತ್ರೆಗಳನ್ನು ಸೇವಿಸುವವರ ನಾಡಿ ಏರಬೇಕಾದಷ್ಟು ಏರುವುದೇ ಇಲ್ಲ. ೧೧೦ ಎಂದು ಸಮಾಧಾನ ಪಟ್ಟುಕೊಂಡು ಅವರು ಶಕ್ತಿ ಮೀರಿ ನಡೆಯುತ್ತಿರಬಹುದು. ಬಹುಕಾಲದ ಮಧುಮೇಹದಿಂದ ಹೃದಯದ ನರಗಳು ಸೊರಗಿದವರಲ್ಲಿಯೂ ಇದೇ ತೊಡಕು. ಅವರಿಗೆ ಎದೆನೋವೂ ಸ್ಪಷ್ಟವಾಗಿ ಕಾಣಿಸದಿರಬಹುದು. ಮಿಡಿತದ ಲಯವೇ ತಪ್ಪಿದವರಿಗಂತೂ ಹದಿನೈದು ಸೆಕೆಂಡಿನ ಎಣಿಕೆ ನೆಚ್ಚತಕ್ಕದ್ದಲ್ಲ. ಇವರೆಲ್ಲ ಸೂತ್ರವನ್ನು ಬದಿಗಿಟ್ಟು, ತಮ್ಮ ವೈದ್ಯರು ಹೇಳಿದ ಎಲ್ಲೆಯನ್ನೂ ಉಸಿರಿನ ಪರೀಕ್ಷೆಯನ್ನೂ ಅನುಸರಿಸಬೇಕು.

ಕೈಗಡಿಯಾರಗಳ ವಿಷಯ ಸಂಕ್ಷೇಪವಾಗಿ ಹೇಳಿದರೆ ಸಾಕು. ಅವು ಚರ್ಮದ ಮೇಲೆ ಹಸಿರು ಬೆಳಕನ್ನು ಚೆಲ್ಲಿ, ಒಳಗಿನ ರಕ್ತದ ಏರಿಳಿತದಿಂದ ಮರಳುವ ಬೆಳಕಿನ ವ್ಯತ್ಯಾಸವನ್ನು ಎಣಿಸುತ್ತವೆ. ಪಟ್ಟಿ ಸಡಿಲವಾಗಿದ್ದರೆ, ಕೈ ಬೀಸುತ್ತಿದ್ದರೆ ಎಣಿಕೆ ತಪ್ಪುತ್ತದೆ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ತನ್ನೇ ಗ್ರಹಿಸುವುದರಿಂದ ಹೆಚ್ಚು ನಿಖರ. ಗಡಿಯಾರ ವಿಚಿತ್ರವಾದ ಅಂಕಿ ತೋರಿಸಿದರೆ ಗಾಬರಿಪಡುವ ಮೊದಲು ಎರಡು ಬೆರಳುಗಳ ಸಾಕ್ಷ್ಯವನ್ನು ಕೇಳುವುದು ಒಳ್ಳೆಯದು.

ಭಯ ಮತ್ತು ಅಪಾಯ

ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಕನ್ನಡ ಜನರ ಡಾ. ರಾಜಕುಮಾರರಾದರು. ಅವರ ಕಿರಿಯ ಪುತ್ರ ಪುನೀತ್ ರಾಜ್‌ಕುಮಾರ್ ೨೦೨೧ರ ಅಕ್ಟೋಬರ್ ೨೯ರಂದು, ವ್ಯಾಯಾಮದ ಬಳಿಕ ಎದೆಯಲ್ಲಿ ಅಸ್ವಸ್ಥತೆಯುಂಟಾಗಿ, ೪೬ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡಿಗೆ ನಾಡೇ ಕಂಗೆಟ್ಟಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ವ್ಯಾಯಾಮವೇ ಬೇಡವೆಂದು ಮನೆಯ ಹಿರಿಯರು ಮಕ್ಕಳನ್ನು ತಡೆದದ್ದೂ ಉಂಟು. ಒಂದು ಸಾವಿನಿಂದ ವ್ಯಾಯಾಮದ ಮೇಲೆ ತೀರ್ಪು ಕೊಡಲಾಗದು. ಆದರೆ ಭಯಕ್ಕೆ ಉತ್ತರ ಹೇಳದೆ ಇರುವುದೂ ಸರಿಯಲ್ಲ.

ಉತ್ತರ ೧೯೯೩ರ ಒಂದು ಅಮೆರಿಕನ್ ಅಧ್ಯಯನದಲ್ಲಿದೆ. ಮಿಟಲ್‌ಮನ್ ಎಂಬಾತನೂ ಸಂಗಡಿಗರೂ ಹೃದಯಾಘಾತಕ್ಕೊಳಗಾದ ಸಾವಿರಕ್ಕೂ ಮಿಕ್ಕಿದ ರೋಗಿಗಳನ್ನು ವಿಚಾರಿಸಿ, ಆಘಾತಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಅವರು ಏನು ಮಾಡುತ್ತಿದ್ದರೆಂದು ಬರೆದುಕೊಂಡರು. ಕಠಿಣ ಶ್ರಮದ ಆ ಒಂದು ಗಂಟೆಯಲ್ಲಿ ಆಘಾತದ ಸಂಭವ ಹೆಚ್ಚುವುದು ದಿಟ. ಎಷ್ಟು? ವಾರಕ್ಕೆ ಐದು ಅಥವಾ ಹೆಚ್ಚು ಸಲ ವ್ಯಾಯಾಮ ಮಾಡುವವರಲ್ಲಿ ಸುಮಾರು ಎರಡೂವರೆ ಪಟ್ಟು. ವಾರಕ್ಕೊಮ್ಮೆಯೂ ಮಾಡದವರಲ್ಲಿ ೧೦೭ ಪಟ್ಟು! ಒಂದೇ ಗಂಟೆಯ ಸಂಭವವೆಂಬುದು ಮೊದಲೇ ಅತ್ಯಲ್ಪವಾದದ್ದು, ಆದ್ದರಿಂದ ನೂರು ಪಟ್ಟು ಎಂದರೂ ಪ್ರತಿಯೊಬ್ಬನಿಗೂ ಗಂಡಾಂತರವೆಂದಲ್ಲ. ಆದರೆ ತಾಳಬೆಟ್ಟದಲ್ಲಿ ನಿಂತ ಆ ಇಬ್ಬರ ನಡುವಣ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಅಂಕಿ ಇನ್ನೊಂದಿಲ್ಲ. ಅಪಾಯವಿರುವುದು ವ್ಯಾಯಾಮದಲ್ಲಿ ಅಷ್ಟಾಗಿ ಅಲ್ಲ, ಅಭ್ಯಾಸವಿಲ್ಲದ ದೇಹದಿಂದ ಒಮ್ಮೆಗೇ ಮಾಡಿಸುವ ವ್ಯಾಯಾಮದಲ್ಲಿ.

ಎದೆಯಲ್ಲಿ ಭಾರ ಇಟ್ಟಂತೆ ಬಿಗಿತ, ಎಡಗೈಗೋ ದವಡೆಗೋ ಬೆನ್ನಿಗೋ ಹಬ್ಬುವ ನೋವು, ತಣ್ಣನೆಯ ಬೆವರು, ಕಣ್ಣು ಕತ್ತಲೆ, ಎಂದಿಲ್ಲದ ಏದುಸಿರು ಕಾಣಿಸಿದರೆ ನಾಡಿಯನ್ನು ಎಣಿಸುತ್ತ ಕೂರುವ ಹೊತ್ತಲ್ಲ ಅದು. ಅಂಕಿ ಎಷ್ಟೇ ಇರಲಿ, ನಿಲ್ಲಬೇಕು, ಸಹಾಯವನ್ನು ಕೂಗಬೇಕು. ಪುನೀತರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ ೨೦೨೩ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆ ಇಂಥ ಹೊತ್ತಿಗಾಗಿಯೇ ಇದೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯದ ವಿದ್ಯುತ್ ನಕ್ಷೆಯನ್ನು ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಆ ಕ್ಷಣವೇ ಕಳುಹಿಸಿ, ಆಘಾತವೆಂದು ತಿಳಿದರೆ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಮೊದಲ ಗಂಟೆಯಲ್ಲಿಯೇ ಅದು ಸಿಕ್ಕಿದರೆ ಹೃದಯಸ್ನಾಯು ಉಳಿಯುತ್ತದೆ.

ದೀಪಾವಳಿಯಿಂದ ಶಿವರಾತ್ರಿಗೆ

ದೀಪಾವಳಿಯಿಂದ ಮಹಾಶಿವರಾತ್ರಿಯವರೆಗೆ ಹೆಚ್ಚು ಕಡಿಮೆ ನಾಲ್ಕು ತಿಂಗಳ ಅವಕಾಶವಿದೆ. ನಗರದ ಗುಮಾಸ್ತನು ದೀಪಾವಳಿಯ ಮರುದಿನವೇ ಹೊರಟರೆ ಯಥೇಷ್ಟ ಸಮಯ. ನಲವತ್ತು ದಾಟಿದವರು, ಮಧುಮೇಹ ರಕ್ತದೊತ್ತಡಗಳಿರುವವರು, ಬೀಡಿ ಸಿಗರೇಟಿನವರು, ಮನೆತನದಲ್ಲಿ ಹೃದ್ರೋಗವಿರುವವರು ಮೊದಲು ವೈದ್ಯರನ್ನು ಕಾಣುವುದು. ಆಮೇಲೆ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ, ನಾಡಿ ಮಧ್ಯಮದ ಕೆಳಗಿನ ಗೆರೆಯನ್ನು ಮುಟ್ಟಿದರೆ ಸಾಕೆಂಬಂತೆ. ವಾರ ವಾರಕ್ಕೂ ಐದೈದು ನಿಮಿಷ ಹೆಚ್ಚಿಸುತ್ತ ಹೋಗುವುದು. ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಶ್ರಮವೆಂಬುದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ವಯಸ್ಕರಿಗೆಲ್ಲ ಹೇಳಿದ ಪ್ರಮಾಣ. ಸಂಕ್ರಾಂತಿಯ ವೇಳೆಗೆ ಅಷ್ಟನ್ನು ಮುಟ್ಟಿ, ವಾರಕ್ಕೊಂದು ದಿನ ಏರುದಾರಿಯನ್ನೋ ಮಹಡಿಯ ಮೆಟ್ಟಿಲುಗಳನ್ನೋ ಸೇರಿಸಿಕೊಳ್ಳಬಹುದು.

ಅಭ್ಯಾಸ ಫಲಿಸುತ್ತಿದೆಯೆಂದು ತಿಳಿಯುವುದೂ ನಾಡಿಯಿಂದಲೇ. ಒಂದೇ ಬೀದಿ, ಒಂದೇ ವೇಗ, ಆದರೆ ನವೆಂಬರಿನಲ್ಲಿ ೧೩೦ ಇದ್ದದ್ದು ಜನವರಿಯಲ್ಲಿ ೧೧೮ಕ್ಕೆ ಇಳಿದಿರುತ್ತದೆ. ಬೆಳಗಿನ ವಿಶ್ರಾಂತಿ ನಾಡಿಯೂ ನಾಲ್ಕಾರು ಅಂಕಿ ಕೆಳಗಿಳಿಯುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಚೇತರಿಕೆಯ ಲೆಕ್ಕ. ಶ್ರಮ ನಿಲ್ಲಿಸಿದ ಕ್ಷಣದಲ್ಲಿ ಒಮ್ಮೆ, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸಿ ಕಳೆದರೆ, ಅಂತರ ಹೆಚ್ಚಿದ್ದಷ್ಟೂ ಹೃದಯ ಚುರುಕು. ೧೯೯೯ರಲ್ಲಿ ಅಮೆರಿಕದ ಕೋಲ್ ಮೊದಲಾದವರು ೨,೪೨೮ ಜನರನ್ನು ವರ್ಷಗಟ್ಟಲೆ ಅನುಸರಿಸಿ ನೋಡಿದಾಗ, ಆಸ್ಪತ್ರೆಯ ವ್ಯಾಯಾಮ ಪರೀಕ್ಷೆಯ ಮೊದಲ ನಿಮಿಷದಲ್ಲಿ ೧೨ ಅಥವಾ ಕಡಿಮೆ ಮಿಡಿತಗಳಷ್ಟು ಮಾತ್ರ ಇಳಿದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿ ಕಂಡುಬಂತು. ಮನೆಯ ಎಣಿಕೆ ಆಸ್ಪತ್ರೆಯ ಪರೀಕ್ಷೆಗೆ ಸಮವಲ್ಲ; ಆದರೂ ಮತ್ತೆ ಮತ್ತೆ ಎಣಿಸಿದರೂ ನಾಡಿ ಇಳಿಯಲು ಜಿಪುಣತನ ತೋರಿಸುತ್ತಿದ್ದರೆ ವೈದ್ಯರ ಕಿವಿಗೆ ಹಾಕುವುದು ಯುಕ್ತ.

ನಡಿಗೆಯ ದಿನ ಬಂದಾಗ ಬಿಸಿಲೇರುವ ಮುನ್ನ ಹೊರಡುವುದು, ಬಾಯಾರಿಕೆಗೆ ಕಾಯದೆ ಗುಟುಕು ಗುಟುಕಾಗಿ ನೀರು ಕುಡಿಯುವುದು, ನಿತ್ಯದ ಮಾತ್ರೆಗಳನ್ನು ಉಪವಾಸದ ನೆಪದಲ್ಲಿ ಬಿಡದಿರುವುದು, ಏರಿನಲ್ಲಿ ಅರ್ಧ ಗಂಟೆಗೊಮ್ಮೆ ನಾಡಿಯನ್ನು ನೋಡುವುದು. ಬೆಟ್ಟವನ್ನು ಮುಟ್ಟಿದ ಕೂಡಲೆ ಒಮ್ಮೆಗೇ ನಿಂತುಬಿಡಬಾರದು. ಕಾಲಿನಲ್ಲಿಯೇ ರಕ್ತ ನಿಂತು ತಲೆ ಸುತ್ತುವುದುಂಟು. ಐದು ನಿಮಿಷ ಮೆಲ್ಲಗೆ ಅಡ್ಡಾಡಿ, ನಾಡಿ ನೂರರ ಹತ್ತಿರಕ್ಕೆ ಇಳಿದ ಮೇಲೆ ದರ್ಶನದ ಸಾಲಿನಲ್ಲಿ ನಿಲ್ಲಬಹುದು. ಶಿವರಾತ್ರಿಯ ದಿನ ಆ ಸಾಲು ಹೇಗೂ ಉದ್ದವಾಗಿಯೇ ಇರುತ್ತದೆ.